ಲಿನಕ್ಸ್ ಲ್ಯಾಪ್‌ಟಾಪ್: ಬ್ಯಾಟರಿ ಬೇಗ ಖಾಲಿಯಾಗದಂತೆ ನೋಡಿಕೊಳ್ಳುವುದು ಹೇಗೆ?

ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಂಡವರು ಮೊದಲ ವಾರದಲ್ಲೇ ಹೇಳುವ ಮಾತು, 'ಎಲ್ಲಾ ಚೆನ್ನಾಗಿದೆ, ಬ್ಯಾಟರಿ ಮಾತ್ರ ನಿಲ್ತಾ ಇಲ್ಲ.' ಆಮೇಲೆ ಅವರು ಮಾಡುವುದೂ ಹೆಚ್ಚುಕಡಿಮೆ ಒಂದೇ. ಹುಡುಕಿದಾಗ ಸಿಕ್ಕ ಮೂರು ನಾಲ್ಕು ಟೂಲ್‌ಗಳನ್ನು ಒಟ್ಟಿಗೆ ಇನ್‌ಸ್ಟಾಲ್ ಮಾಡುತ್ತಾರೆ, ಯಾರೋ ಎಂದೋ ಬರೆದಿಟ್ಟ ಕಮಾಂಡ್‌ಗಳನ್ನು ಹಾಗೇ ಅಂಟಿಸುತ್ತಾರೆ, ಪ್ರೊಸೆಸರನ್ನು ಅತಿ ಕಡಿಮೆ ವೇಗಕ್ಕೆ ಕಟ್ಟಿಹಾಕುತ್ತಾರೆ. ಲ್ಯಾಪ್‌ಟಾಪ್ ತೆವಳತೊಡಗುತ್ತದೆ, ಬ್ಯಾಟರಿ ಮೊದಲಿನಷ್ಟೇ ಬೇಗ ಮುಗಿಯುತ್ತದೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹಳೇ ಥಿಂಕ್‌ಪ್ಯಾಡ್ ಕೊಂಡು ಉಬುಂಟು ಹಾಕಿಕೊಂಡ ವಿದ್ಯಾರ್ಥಿಗಳಲ್ಲಿ ಇದನ್ನು ಪದೇ ಪದೇ ನೋಡುತ್ತಿದ್ದೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕಮಾಂಡ್‌ಗಳು ಇಲ್ಲಿ ಕನ್ನಡ ಲಿಪಿಯಲ್ಲಿವೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರವನ್ನೇ ಬಳಸಿ.

1. ಅಳೆಯದೆ ಏನನ್ನೂ ಬದಲಿಸಬೇಡಿ

ಪವರ್‌ಟಾಪ್ ಇನ್‌ಸ್ಟಾಲ್ ಮಾಡಿ. ಇಂಟೆಲ್‌ನವರು 2007ರಲ್ಲಿ ಬಿಡುಗಡೆ ಮಾಡಿದ ಟೂಲ್ ಇದು, ಇವತ್ತಿಗೂ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಚಾರ್ಜರ್ ತೆಗೆದು, ಬ್ರೌಸರ್ ಮುಚ್ಚಿ, ಸ್ಕ್ರೀನ್ ಬೆಳಕನ್ನು ನೀವು ದಿನಾ ಇಡುವಷ್ಟಕ್ಕೇ ಇಟ್ಟು ಟರ್ಮಿನಲ್‌ನಲ್ಲಿ 'ಸುಡೋ ಪವರ್‌ಟಾಪ್' ಓಡಿಸಿ ('ಸುಡೋ' ಎಂದರೆ ಅಡ್ಮಿನ್ ಅಧಿಕಾರದಿಂದ ಓಡಿಸು ಎಂದು). ಒಂದೆರಡು ನಿಮಿಷ ಕಾದರೆ ಬ್ಯಾಟರಿ ಎಷ್ಟು ವಾಟ್ ವೇಗದಲ್ಲಿ ಖಾಲಿಯಾಗುತ್ತಿದೆ ಎಂದು ಮೇಲ್ಗಡೆ ಬರುತ್ತದೆ. ಕಡಿಮೆ ವಾಟ್‌ನ ಪ್ರೊಸೆಸರ್ ಇರುವ 14 ಇಂಚಿನ ಲ್ಯಾಪ್‌ಟಾಪ್ ಸುಮ್ಮನಿದ್ದಾಗ 5-6 ವಾಟ್ ಆಸುಪಾಸಿನಲ್ಲಿದ್ದರೆ ಆರೋಗ್ಯವಾಗಿದೆ. ಸುಮ್ಮನಿದ್ದೂ 12 ವಾಟ್ ತಿನ್ನುತ್ತಿದ್ದರೆ ಎಲ್ಲೋ ಸೋರುತ್ತಿದೆ. 50 ವಾಟ್-ಅವರ್ ಬ್ಯಾಟರಿ 6 ವಾಟ್‌ನಲ್ಲಿ ಎಂಟು ಗಂಟೆ ಬರುತ್ತದೆ, 12 ವಾಟ್‌ನಲ್ಲಿ ನಾಲ್ಕೇ ಗಂಟೆ. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಏನೇ ಬದಲಿಸಿದರೂ ಇದರ ಜೊತೆ ಹೋಲಿಸಬೇಕು.

ಬ್ಯಾಟರಿಯ ಸ್ಥಿತಿಯನ್ನೂ ಈಗಲೇ ನೋಡಿಬಿಡಿ. 'ಯುಪವರ್ ಮೈನಸ್ ಡಿ' ಎಂದು ಕೊಟ್ಟರೆ ಬ್ಯಾಟರಿ ಹೊಸದರಲ್ಲಿ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎರಡೂ ಕಾಣುತ್ತವೆ. 50 ಇದ್ದದ್ದು 28ಕ್ಕೆ ಇಳಿದಿದ್ದರೆ ಯಾವ ಸೆಟ್ಟಿಂಗೂ ಅದನ್ನು ವಾಪಸ್ ತರುವುದಿಲ್ಲ, ಬ್ಯಾಟರಿ ಬದಲಿಸಿ. ಬದಲಿಸುವಾಗ ಹೆಸರಿಲ್ಲದ ಅಗ್ಗದ ಮಾಲು ಬೇಡ. ಅಂಥವು ಶೇ 100 ತೋರಿಸಿ, ಶೇ 40ಕ್ಕೆ ಬರುತ್ತಿದ್ದಂತೆ ದಿಢೀರನೆ ಆಫ್ ಆಗುವುದನ್ನು ನೋಡಿದ್ದೇನೆ. ಬಿಲ್ಲು, ವಾರಂಟಿ ಎರಡನ್ನೂ ಕೊಡುವ ಕಡೆ ಮಾತ್ರ ಕೊಳ್ಳಿ.

2. ಒಂದೇ ಟೂಲ್ ಇರಲಿ

ಉಬುಂಟುವಿನಲ್ಲಿ ಪವರ್ ಪ್ರೊಫೈಲ್ಸ್ ಡೀಮನ್ ಎಂಬ, ಹಿನ್ನೆಲೆಯಲ್ಲಿ ಓಡುವ ಟೂಲ್ ಮೊದಲೇ ಇರುತ್ತದೆ. ಮೇಲ್ಗಡೆ ಬಲಮೂಲೆಯ ಮೆನುವಿನಲ್ಲಿ ಕಾಣುವ 'ಪವರ್ ಸೇವರ್', 'ಬ್ಯಾಲೆನ್ಸ್ಡ್' ಆಯ್ಕೆಗಳು ಅದರವೇ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ 41ನೇ ಆವೃತ್ತಿಯಿಂದ ಆ ಜಾಗಕ್ಕೆ ಟ್ಯೂನ್ಡ್ ಎಂಬ ಟೂಲ್ ಬಂದಿದೆ. ಇದರ ಮೇಲೆ ಟಿಎಲ್‌ಪಿ ಎಂಬ ಬ್ಯಾಟರಿ ಉಳಿಸುವ ಟೂಲ್ ಹಾಕಿ, ಸಾಲದೆಂದು ಅಂಥದ್ದೇ ಆಟೋ-ಸಿಪಿಯುಫ್ರೀಕ್ ಕೂಡ ಹಾಕಿದರೆ, ಒಂದೇ ಸಾರಿಗೆ ಮೂವರು ಉಪ್ಪು ಹಾಕಿದ ಹಾಗೆ. ಮೂರೂ ಬರೆಯುವುದು ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಅವೇ ಫೈಲ್‌ಗಳಿಗೆ, ಕೊನೆಗೆ ಯಾರು ಬರೆದರೋ ಅವರದ್ದು ಉಳಿಯುತ್ತದೆ.

ನನ್ನ ಸಲಹೆ ಸ್ಪಷ್ಟ. 2020ರ ನಂತರದ ಲ್ಯಾಪ್‌ಟಾಪ್ ಆದರೆ ಬಂದದ್ದನ್ನೇ ಇಟ್ಟುಕೊಳ್ಳಿ. ಅದಕ್ಕಿಂತ ಹಳೆಯದಾದರೆ, ಅದರಲ್ಲೂ ಥಿಂಕ್‌ಪ್ಯಾಡ್ ಆದರೆ, ಟಿಎಲ್‌ಪಿ ಹಾಕಿ, ಉಳಿದದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ. ಲ್ಯಾಪ್‌ಟಾಪ್-ಮೋಡ್-ಟೂಲ್ಸ್ ಹಾಕಿ ಎನ್ನುವ ಹಳೇ ಸಲಹೆಗಳನ್ನು ಬಿಟ್ಟುಬಿಡಿ.

3. ಪ್ರೊಸೆಸರ್: ಹೆಚ್ಚಿನವರು ಎಡವುವುದು ಇಲ್ಲೇ

ಬ್ಯಾಟರಿ ಉಳಿಸಲು ಪ್ರೊಸೆಸರ್ ನಿಧಾನ ಓಡಬೇಕು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಇದು ತಪ್ಪು. ಒಂದು ವೆಬ್ ಪುಟ ತೆರೆಯುವ ಕೆಲಸವನ್ನು ಪ್ರೊಸೆಸರ್ ಎರಡು ಸೆಕೆಂಡಿನಲ್ಲಿ ಮುಗಿಸಿದರೆ, ಆ ಕೂಡಲೇ ಆಳವಾದ ನಿದ್ದೆಗೆ ಜಾರುತ್ತದೆ. ಸಿ-ಸ್ಟೇಟ್ ಎನ್ನುವುದು ಈ ನಿದ್ದೆಯ ಮಟ್ಟಗಳನ್ನೇ. ಅದೇ ಪ್ರೊಸೆಸರನ್ನು 800 ಮೆಗಾಹರ್ಟ್ಸ್‌ಗೆ ಕಟ್ಟಿಹಾಕಿದರೆ ಕೆಲಸ ಎಂಟು ಹತ್ತು ಸೆಕೆಂಡು ಎಳೆಯುತ್ತದೆ. ಅಷ್ಟೂ ಹೊತ್ತು ಮೆಮೊರಿ, ಎಸ್‌ಎಸ್‌ಡಿ, ವೈಫೈ ಎಲ್ಲವೂ ಎಚ್ಚರವಾಗಿರಬೇಕು. ಉಳಿತಾಯ ಇರುವುದು ನಿದ್ದೆಯಲ್ಲಿ, ತೆವಳುವುದರಲ್ಲಿ ಅಲ್ಲ.

ಇನ್ನೊಂದು ಗೊಂದಲ 'ಪವರ್‌ಸೇವ್' ಗವರ್ನರ್‌ನದು. ಪ್ರೊಸೆಸರ್ ಯಾವಾಗ ಯಾವ ವೇಗದಲ್ಲಿ ಓಡಬೇಕೆಂಬ ನಿಯಮವೇ ಗವರ್ನರ್. ಟಿಎಲ್‌ಪಿ ಹಾಕಿದ್ದರೆ 'ಸುಡೋ ಟಿಎಲ್‌ಪಿ-ಸ್ಟಾಟ್ ಮೈನಸ್ ಪಿ' ಓಡಿಸಿ, ಪ್ರೊಸೆಸರ್‌ನ ಡ್ರೈವರ್ ಯಾವುದು ಎಂದು ನೋಡಿ. ಇಂಟೆಲ್_ಪಿಸ್ಟೇಟ್ ಇದ್ದರೆ, ಅದರ ಆಕ್ಟಿವ್ ಮೋಡ್‌ನಲ್ಲಿ ಪವರ್‌ಸೇವ್ ಎಂದರೆ ಕೆಲಸಕ್ಕೆ ತಕ್ಕಂತೆ ವೇಗ ಏರಿಳಿಯುತ್ತದೆ, ಅದನ್ನು ಹಾಗೇ ಬಿಡಿ. ಹಳೆಯ ಎಸಿಪಿಐ-ಸಿಪಿಯುಫ್ರೀಕ್ ಡ್ರೈವರ್ ಇದ್ದರೆ ಪವರ್‌ಸೇವ್ ಎಂದರೆ ಅತಿ ಕಡಿಮೆ ವೇಗಕ್ಕೆ ಬೀಗ. ಅಲ್ಲಿ ಸ್ಕೆಡ್‌ಯುಟಿಲ್ ಅಥವಾ ಆನ್‌ಡಿಮಾಂಡ್ ಗವರ್ನರ್ ಇರಲಿ. ರೈಸನ್ ಲ್ಯಾಪ್‌ಟಾಪ್‌ನವರು ಎಎಂಡಿ-ಪಿಸ್ಟೇಟ್ ಇದೆಯೇ ನೋಡಿ. ಆ ಡ್ರೈವರ್ 2022ರಲ್ಲಿ ಕರ್ನಲ್ 5.17ರೊಂದಿಗೆ ಬಂತು, 2023ರ 6.3ರಲ್ಲಿ ಇನ್ನಷ್ಟು ಪಕ್ವವಾಯಿತು. ಕರ್ನಲ್ ಹಳೆಯದಾಗಿದ್ದರೆ ಮೊದಲು ಅಪ್‌ಡೇಟ್ ಮಾಡಿ, ಬೇರೆಲ್ಲ ಆಮೇಲೆ.

ನಿಜವಾಗಿ ತಿರುಗಿಸಬೇಕಾದ ಕೀಲಿ ಎನರ್ಜಿ ಪರ್ಫಾರ್ಮೆನ್ಸ್ ಪ್ರಿಫರೆನ್ಸ್. ವೇಗ ಮುಖ್ಯವೋ ಉಳಿತಾಯ ಮುಖ್ಯವೋ ಎಂದು ಪ್ರೊಸೆಸರ್‌ಗೆ ಸೂಚಿಸುವುದು ಇದು. ಟಿಎಲ್‌ಪಿ ಬಳಸುವವರು 'ಇಟಿಸಿ' ಫೋಲ್ಡರ್‌ನ 'ಟಿಎಲ್‌ಪಿ ಡಾಟ್ ಕಾನ್ಫ್' ತೆರೆದು, 'ಸಿಪಿಯು_ಎನರ್ಜಿ_ಪರ್ಫ್_ಪಾಲಿಸಿ_ಆನ್_ಬ್ಯಾಟ್' (ಫೈಲ್‌ನಲ್ಲಿ ಇಂಥ ಹೆಸರುಗಳು ದೊಡ್ಡಕ್ಷರದಲ್ಲಿರುತ್ತವೆ) ಸಾಲಿನಲ್ಲಿ 'ಬ್ಯಾಲೆನ್ಸ್_ಪವರ್' ಎಂದು ಕೊಡಿ. ಅದಕ್ಕಿಂತ ಕೆಳಗಿನ 'ಪವರ್' ಬೇಡ, ಟೈಪ್ ಮಾಡುವಾಗಲೇ ತಡವರಿಕೆ ಕಾಣುತ್ತದೆ. 'ಸಿಪಿಯು_ಬೂಸ್ಟ್_ಆನ್_ಬ್ಯಾಟ್' ಸೊನ್ನೆ ಇರಲಿ, ಅದು ಟರ್ಬೊ, ಅಂದರೆ ಪ್ರೊಸೆಸರ್‌ನ ತಾತ್ಕಾಲಿಕ ಹೆಚ್ಚುವರಿ ವೇಗವನ್ನು ಆಫ್ ಮಾಡುತ್ತದೆ. ಟರ್ಬೊ ವೇಗಕ್ಕೆ ಹೆಚ್ಚು ವೋಲ್ಟೇಜ್ ಬೇಕು, ವೋಲ್ಟೇಜ್ ಏರಿದಂತೆ ವಿದ್ಯುತ್ ಖರ್ಚು ಅದರ ವರ್ಗದಷ್ಟು ಏರುತ್ತದೆ. ಸವೆದ ಬ್ಯಾಟರಿಯಾದರೆ ಆ ಹಠಾತ್ ಎಳೆತಕ್ಕೇ ಲ್ಯಾಪ್‌ಟಾಪ್ ಆಫ್ ಆಗುವುದೂ ಉಂಟು.

ಇಲ್ಲಿ ಸಣ್ಣದೊಂದು ಸಂಗತಿಗೆ ಇಡೀ ಶ್ರಮ ನೀರುಪಾಲಾಗುತ್ತದೆ. ಆ ಸಾಲುಗಳ ಮುಂದೆ ಹ್ಯಾಶ್ ಚಿಹ್ನೆ (#) ಇರುತ್ತದೆ. ಮೌಲ್ಯ ಬದಲಿಸಿ ಹ್ಯಾಶ್ ಹಾಗೇ ಬಿಟ್ಟರೆ ಟಿಎಲ್‌ಪಿ ಆ ಸಾಲನ್ನು ಓದುವುದೇ ಇಲ್ಲ. ಹ್ಯಾಶ್ ಅಳಿಸಿ, ಸೇವ್ ಮಾಡಿ, 'ಸುಡೋ ಟಿಎಲ್‌ಪಿ ಸ್ಟಾರ್ಟ್' ಕೊಡಿ. ಆಮೇಲೆ ಚಾರ್ಜರ್ ಕಿತ್ತು ಟಿಎಲ್‌ಪಿ-ಸ್ಟಾಟ್‌ನಲ್ಲಿ ಮತ್ತೊಮ್ಮೆ ನೋಡಿ. ಚಾರ್ಜರ್ ಹಾಕಿಕೊಂಡೇ ಪರೀಕ್ಷಿಸಿ 'ಏನೂ ಬದಲಾಗಲಿಲ್ಲ' ಎನ್ನುವವರು ಬಹಳ. ಇವು ಬ್ಯಾಟರಿಯಲ್ಲಿ ಓಡುವಾಗ ಮಾತ್ರ ಜಾರಿಗೆ ಬರುವ ಸಾಲುಗಳು.

4. ಅಡ್ಡದಾರಿ ಬೇಡ

ಪವರ್‌ಟಾಪ್‌ನ 'ಆಟೋ-ಟ್ಯೂನ್' ಎಲ್ಲವನ್ನೂ ಒಂದೇ ಏಟಿಗೆ ಉಳಿತಾಯಕ್ಕೆ ಹಾಕುತ್ತದೆ, ಯುಎಸ್‌ಬಿ ಮೌಸನ್ನೂ ಸೇರಿಸಿ. ಎರಡು ಸೆಕೆಂಡ್ ಮುಟ್ಟದಿದ್ದರೆ ಮೌಸ್ ಮಲಗಿಬಿಡುತ್ತದೆ. ಪವರ್‌ಟಾಪನ್ನು ಅಳೆಯಲು ಮಾತ್ರ ಬಳಸಿ. ಲಿನಕ್ಸ್ ಶುರುವಾಗುವಾಗ ಓದುವ ಬೂಟ್ ಸಾಲಿನಲ್ಲಿ 'ಪಿಸಿಐಇ_ಎಎಸ್‌ಪಿಎಂ=ಫೋರ್ಸ್' ಸೇರಿಸಿ ಎಂಬ ಸಲಹೆಯನ್ನಂತೂ ಕೇಳಲೇಬೇಡಿ, ಕೆಲವು ಯಂತ್ರಗಳು ಅದರಿಂದ ಹ್ಯಾಂಗ್ ಆಗುತ್ತವೆ.

5. ವಿಡಿಯೊ, ಬೆಳಕು, ಗ್ರಾಫಿಕ್ಸ್

ಸ್ಕ್ರೀನ್ ಬೆಳಕು ತಗ್ಗಿಸಿ. ಪ್ರತ್ಯೇಕ ಎನ್‌ವಿಡಿಯಾ ಗ್ರಾಫಿಕ್ಸ್ ಚಿಪ್ ಇರುವವರು, ಅದು ಸುಮ್ಮನೆ ಬ್ಯಾಟರಿ ತಿನ್ನದಂತೆ, ಉಬುಂಟುವಿನಲ್ಲಿ 'ಸುಡೋ ಪ್ರೈಮ್-ಸೆಲೆಕ್ಟ್ ಇಂಟೆಲ್' ಕೊಟ್ಟು ರೀಸ್ಟಾರ್ಟ್ ಮಾಡಿ. ಬ್ರೌಸರ್‌ನಲ್ಲಿ ವಿಡಿಯೊ ನೋಡುವಾಗ ಫ್ಯಾನ್ ಜೋರಾದರೆ, ವಿಡಿಯೊ ಬಿಡಿಸುವ ಕೆಲಸ ಗ್ರಾಫಿಕ್ಸ್ ಚಿಪ್‌ಗೆ ಹೋಗದೆ ಪ್ರೊಸೆಸರ್ ಮೇಲೆ ಬಿದ್ದಿರಬಹುದು. 'ವಿಎಇನ್ಫೋ' ಓಡಿಸಿದಾಗ ಎರರ್ ಬಂದರೆ ಡ್ರೈವರ್ ಪ್ಯಾಕೇಜ್ ಹಾಕಿರದೆ ಇರಬಹುದು.

6. ಚಾರ್ಜ್‌ಗೆ ಮಿತಿ

ದಿನವಿಡೀ ಚಾರ್ಜರ್‌ಗೆ ಅಂಟಿಕೊಂಡೇ ಇರುವ ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಶೇ 100ರಲ್ಲೇ ನಿಂತು ಬೇಗ ಸವೆಯುತ್ತದೆ. ಟಿಎಲ್‌ಪಿ ಬಳಸುವವರು ಶೇ 75ಕ್ಕೆ ಇಳಿದರೆ ಚಾರ್ಜ್ ಶುರುವಾಗಿ 80ಕ್ಕೆ ನಿಲ್ಲುವಂತೆ ಅದರಲ್ಲಿ ಹಾಕಿ. ನಿಮ್ಮ ಮಾಡೆಲ್‌ಗೆ ಈ ಸೌಲಭ್ಯ ಇದೆಯೇ ಎಂದು 'ಸುಡೋ ಟಿಎಲ್‌ಪಿ-ಸ್ಟಾಟ್ ಮೈನಸ್ ಬಿ' ಹೇಳುತ್ತದೆ. ಕರೆಂಟ್ ಪದೇ ಪದೇ ಹೋಗುವ ಊರಿನಲ್ಲಿ ಮಿತಿಯನ್ನು 90ಕ್ಕೆ ಏರಿಸಿಕೊಳ್ಳಿ. ಪ್ರಯಾಣದ ಹಿಂದಿನ ರಾತ್ರಿ ಚಾರ್ಜರ್ ಸಿಕ್ಕಿಸಿ 'ಸುಡೋ ಟಿಎಲ್‌ಪಿ ಫುಲ್‌ಚಾರ್ಜ್' ಕೊಟ್ಟರೆ ಆ ಸಲಕ್ಕೆ ಪೂರ್ತಿ ತುಂಬುತ್ತದೆ.

7. ಮುಚ್ಚಳ ಮುಚ್ಚಿದ ಮೇಲೆ

ಬ್ಯಾಗಿನಲ್ಲಿಟ್ಟ ಲ್ಯಾಪ್‌ಟಾಪ್ ಬಿಸಿಯಾಗಿ, ಬೆಳಿಗ್ಗೆ ಖಾಲಿಯಾಗಿದ್ದರೆ 'ಸಿಸ್' ಫೋಲ್ಡರ್‌ನೊಳಗಿನ 'ಪವರ್' ಫೋಲ್ಡರ್‌ನಲ್ಲಿರುವ 'ಮೆಮ್_ಸ್ಲೀಪ್' ಫೈಲ್ ನೋಡಿ. 'ಎಸ್2ಐಡಲ್' (ಹಗುರ ನಿದ್ದೆ), 'ಡೀಪ್' (ಆಳ ನಿದ್ದೆ) ಎರಡೂ ಇದ್ದು ಮೊದಲನೆಯದಕ್ಕೆ ಚೌಕ ಆವರಣ ಇದ್ದರೆ, ಗ್ರಬ್‌ನ (ಲಿನಕ್ಸನ್ನು ಬೂಟ್ ಮಾಡಿಸುವ ಪ್ರೋಗ್ರಾಂನ) ಬೂಟ್ ಸಾಲಿಗೆ 'ಮೆಮ್_ಸ್ಲೀಪ್_ಡೀಫಾಲ್ಟ್=ಡೀಪ್' ಸೇರಿಸಿ, ಉಬುಂಟುವಿನಲ್ಲಿ 'ಸುಡೋ ಅಪ್‌ಡೇಟ್-ಗ್ರಬ್' ಕೊಟ್ಟು ರೀಸ್ಟಾರ್ಟ್ ಮಾಡಿ. ಬ್ಯಾಗಿಗೆ ಹಾಕುವ ಮುನ್ನ ಮನೆಯಲ್ಲೇ ಮುಚ್ಚಿ ತೆರೆದು ಪರೀಕ್ಷಿಸಿ. ಸ್ಕ್ರೀನ್ ಕಪ್ಪಾಗಿಯೇ ಉಳಿದರೆ ಆ ಸಾಲು ತೆಗೆಯಿರಿ. ಫೈಲ್‌ನಲ್ಲಿ ಎಸ್2ಐಡಲ್ ಒಂದೇ ಇದ್ದರೆ ಡೀಪ್ ನಿಮ್ಮ ಯಂತ್ರದಲ್ಲಿಲ್ಲ. ಅಂಥವರು ರಾತ್ರಿ ಶಟ್‌ಡೌನ್ ಮಾಡಿಯೇ ಬ್ಯಾಗಿಗೆ ಹಾಕಿ.