ಮರೈನ್ ಟ್ಯಾಂಕ್ ಎರಡು ಕಂತಿನಲ್ಲಿ ಮನೆ ಬದಲಿಸಿದ್ದು: ನನ್ನ ಅನುಭವ

ಸಮುದ್ರದ ಮೀನಿನ ಟ್ಯಾಂಕ್ ಸಾಗಿಸೋದು ಮೂರನೇ ಸಲಕ್ಕೆ ಸರಿಹೋಯಿತು. ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲೆ ಬೆಂಗಳೂರಿನ ವಿಜಯನಗರದಿಂದ ಕನಕಪುರ ರಸ್ತೆಯ ಅಪಾರ್ಟ್‌ಮೆಂಟಿಗೆ ಬಂದೆವು. ಜೊತೆಗೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕೂ ಬಂತು. 7 ಮೀನು, 2 ಕ್ಲೀನರ್ ಶ್ರಿಂಪ್ (ಸೀಗಡಿ), ಒಂದು ಬಬಲ್ ಟಿಪ್ ಅನಿಮೋನ್ (ಕಲ್ಲಿಗೆ ಅಂಟಿ ಕೂರುವ, ಹೂವಿನಂಥ ಪ್ರಾಣಿ), ಒಂದಿಷ್ಟು ಮಶ್ರೂಮ್ (ಹವಳದ ಜಾತಿಯ ಮೆತ್ತನೆ ಜೀವಿ). ಒಂದೂ ಸಾಯಲಿಲ್ಲ. ಆ 7ರಲ್ಲಿ ಒಂದು ಪೌಡರ್ ಬ್ಲೂ ಟ್ಯಾಂಗ್. ಜೋರಾಗಿ ಬಾಗಿಲು ಹಾಕಿದರೂ ಮೈಮೇಲೆ ಬಿಳಿ ಚುಕ್ಕೆ ರೋಗ ಬರಿಸಿಕೊಳ್ಳುವ ಮೀನು ಅದು, ಸಾಕಿದವರಿಗೆ ಗೊತ್ತು. 4 ಅಡಿ ಟ್ಯಾಂಕಿಗೆ ಅದು ಜಾಸ್ತಿಯಾಯಿತು ಅಂತ ನನಗೂ ಗೊತ್ತು, ಬೈಬೇಡಿ.

ಮಾಮೂಲಿ ಕ್ರಮ ಎಲ್ಲರಿಗೂ ತಿಳಿದದ್ದೇ. ಬೆಳಿಗ್ಗೆ ಬಿಚ್ಚು, ರಾತ್ರಿಯೊಳಗೆ ಕಟ್ಟು, ಹಳೇ ನೀರನ್ನು ಆದಷ್ಟು ಹೊತ್ತುಕೊಂಡು ಹೋಗು. ನಾನು ಎರಡು ಕಂತು ಮಾಡಿದೆ, ಮಧ್ಯೆ 10 ದಿನ ಬಿಟ್ಟೆ. ಮೊದಲು ಟ್ಯಾಂಕ್ ಹೋಯಿತು, ಮೀನು ಹಳೇ ಮನೆಯಲ್ಲೇ ಉಳಿಯಿತು. ಇದನ್ನು ಮೊದಲೇ ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. "ಒಂದು ಸಲ ಸಾಯೋದನ್ನ ಎರಡು ಸಲ ಸಾಯಿಸ್ತೀಯಾ ಕಣೋ" ಅಂದರು ಈ ಹವ್ಯಾಸದಲ್ಲಿ ನನಗಿಂತ ಹಳಬರೊಬ್ಬರು. ಮೀನಿನ ಕಸದಿಂದ ಬರುವ ಅಮೋನಿಯ ಅನ್ನೋ ವಿಷವನ್ನು ಇಳಿಸುವ ಬ್ಯಾಕ್ಟೀರಿಯಾ ಇರೋದು ಟ್ಯಾಂಕಿನೊಳಗಿನ ಕಲ್ಲಿನಲ್ಲಿ. ಆ ಕಲ್ಲನ್ನು ಅರ್ಧ ಅರ್ಧ ಮಾಡಿದರೆ ಎರಡೂ ಕಡೆ ಸೈಕಲ್, ಅಂದರೆ ಬ್ಯಾಕ್ಟೀರಿಯಾ ಸಾಕಷ್ಟು ಬೆಳೆಯುವ ತನಕ ಅಮೋನಿಯ ಏರೋದು, ಶುರುವಾಗುತ್ತೆ ಅನ್ನೋದು ಅವರ ವಾದ. ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಸೋಲು 2017ರಲ್ಲಿ. ಆಗ 3 ಅಡಿ ಟ್ಯಾಂಕ್. ಮರಳನ್ನು ಒಳಗೇ ಬಿಟ್ಟು, ಮೇಲೆ ಎರಡು ಇಂಚು ನೀರು ನಿಲ್ಲಿಸಿ, ನಾಲ್ಕು ಜನ ಎತ್ತಿಕೊಂಡು ಹೋಗಿ ಟೆಂಪೋದಲ್ಲಿಟ್ಟೆವು. ದಾರಿಯಲ್ಲಿ ಎಷ್ಟು ಹಂಪ್ ಇದ್ದವೋ ಅಷ್ಟು ಸಲ ಮರಳು ಬುಡಮೇಲಾಯಿತು. ಸಂಜೆ ನೀರು ತುಂಬಿಸಿ, ಮೀನು ಬಿಟ್ಟು, ಖುಷಿಯಲ್ಲಿ ಮಲಗಿದೆ. ಬೆಳಿಗ್ಗೆ ಎದ್ದರೆ ಮಜ್ಜಿಗೆಯಂಥ ನೀರು, ಕೊಳೆತ ಮೊಟ್ಟೆ ವಾಸನೆ. ಟೆಸ್ಟ್ ಕಿಟ್‌ನ ಬಣ್ಣದ ಕಾರ್ಡಿನಲ್ಲಿ ಕೊನೇ ಬಣ್ಣಕ್ಕಿಂತ ಕಡುವಾಗಿತ್ತು ಅಮೋನಿಯ. 8ರಲ್ಲಿ 6 ಮೀನು ಹೋದವು, ಸುಮಾರು 14,000 ರೂಪಾಯಿ. ಭಾರದ ಸಮೇತ ಎತ್ತಿದ್ದಕ್ಕೆ ತಳದ ಸಿಲಿಕಾನ್ ಕೂಡ ಬಿಟ್ಟುಕೊಂಡು ವಾರದ ಮೇಲೆ ಜಿನುಗೋಕೆ ಶುರುವಾಯಿತು.

2021ರಲ್ಲಿ ಬುದ್ಧಿವಂತನಾಗಿದ್ದೆ ಅಂದುಕೊಂಡೆ. ಹೊಸ ಮರಳು ತಂದೆ. ಕಲ್ಲುಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿದೆ. ಎಲ್ಲವೂ ಒಂದೇ ದಿನ ಅಂತ ಬೆಳಿಗ್ಗೆ 6ಕ್ಕೆ ಶುರು ಮಾಡಿದ್ದು ರಾತ್ರಿ 2ಕ್ಕೆ ಮುಗಿಯಿತು. ಕಲ್ಲು 7 ಗಂಟೆ ಪೇಪರಿನಲ್ಲೇ ಇತ್ತು. ಬ್ಯಾಕ್ಟೀರಿಯಾ ಅಷ್ಟು ಹೊತ್ತು ತಡೆಯುತ್ತವೆ, ಆದರೆ ಕಲ್ಲಿನ ಕೆಳಗೆ ಬೆಳೆದಿರುವ ಸ್ಪಂಜು ಗಾಳಿ ತಾಗಿದರೆ ತಡೆಯಲ್ಲ. ಅವು ಸತ್ತು ಬೂದು ಬಣ್ಣದ ಲೋಳೆ ಬಂತು. ಐದು ದಿನ ಅಮೋನಿಯ ಲೀಟರಿಗೆ 1 ಮಿಲಿಗ್ರಾಂನಿಂದ ಕೆಳಗಿಳಿಯಲೇ ಇಲ್ಲ. ಮೂರನೇ ದಿನ ಅನಿಮೋನ್ ಕರಗಿತು. ಅನಿಮೋನ್ ಕರಗಿದರೆ ಇಡೀ ಟ್ಯಾಂಕಿನ ನೀರು ಕೆಡುತ್ತೆ, ನೋಡಿದವರಿಗೆ ಮಿಕ್ಕಿದ್ದು ಹೇಳಬೇಕಾಗಿಲ್ಲ. ಯೆಲ್ಲೋ ಟ್ಯಾಂಗ್ ಮೀನು ಕೂಡ ಹೋಯಿತು. ಅದೇ ವರ್ಷ ಹವಾಯಿಯಲ್ಲಿ ಅದನ್ನು ಹಿಡಿಯೋದು ನಿಂತು ಬೆಲೆ ಎಲ್ಲಿಗೋ ಹೋಯಿತು, ನಾನು ಮತ್ತೆ ಕೊಳ್ಳಲಿಲ್ಲ. ಒಟ್ಟು 22,000 ನಷ್ಟ.

ಈ ಸಲ ಮನೆ ಬದಲಿಸೋದು ಖಚಿತವಾದ ಮೇಲೆ ಮೊದಲು ಮಾಡಿದ್ದು ಮೂರು ಬಕೆಟ್ಟಿನ ಪ್ರಯೋಗ. ಒಂದೊಂದರಲ್ಲಿ 10 ಲೀಟರ್ ಹೊಸ ಉಪ್ಪುನೀರು, ಒಂದೊಂದು ಏರ್ ಸ್ಟೋನ್. ಒಂದಕ್ಕೆ ಹಳೇ ಮರಳು ಒಂದು ಕೆಜಿ, ಇನ್ನೊಂದಕ್ಕೆ ನೀರೊಳಗೇ ಎತ್ತಿ ಹಾಕಿದ ಕಲ್ಲು, ಮೂರನೆಯದಕ್ಕೆ ನಾಲ್ಕು ಗಂಟೆ ಪೇಪರಿನಲ್ಲಿಟ್ಟ ಕಲ್ಲು. ಮಾರನೇ ದಿನ ಅಳೆದಾಗ ಮರಳಿನ ಬಕೆಟ್ಟಿನಲ್ಲಿ ಅಮೋನಿಯ 2ರ ಹತ್ತಿರ, ಪೇಪರ್ ಕಲ್ಲಿಗೆ ಅರ್ಧದಷ್ಟು, ನೀರೊಳಗಿನ ಕಲ್ಲಿಗೆ ಸೊನ್ನೆ. ಬರೆದಿಟ್ಟ ಚೀಟಿ ಕಳೆದುಹೋಗಿದೆ, ನೆನಪಿನಿಂದ ಹೇಳುತ್ತಿದ್ದೇನೆ. ಅಲ್ಲಿಗೆ ತೀರ್ಮಾನವಾಯಿತು. ಹಳೇ ಮರಳು ಕಸಕ್ಕೆ. ಕಲ್ಲು ಒಂದು ನಿಮಿಷವೂ ನೀರಿನಿಂದ ಹೊರಗಿರಬಾರದು. ನೀರು? ಹಳೇ ನೀರಿನಲ್ಲಿ ಅಂಥದ್ದೇನೂ ಇಲ್ಲ ಸ್ವಾಮಿ. ಬ್ಯಾಕ್ಟೀರಿಯಾ ಇರೋದು ಕಲ್ಲಿನ ಮೇಲೆ.

ನನ್ನ ಕಲ್ಲು ಫ್ಯಾಕ್ಟರಿಯಲ್ಲಿ ಮಾಡಿದ ಸಿರಾಮಿಕ್ ಕಲ್ಲು, ವರ್ಷಗಟ್ಟಲೆ ನೀರಿನಲ್ಲಿದ್ದು ಜೀವ ಹಿಡಿದದ್ದು, ಸುಮಾರು 40 ಕೆಜಿ. ಕಲ್ಲು ಹವಳ ಇಟ್ಟಿಲ್ಲ. ಅದಕ್ಕೂ ಸಮುದ್ರ ಕುದುರೆಗೂ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಯಾರಾದರೂ "ತರಿಸಿಕೊಡ್ತೀನಿ" ಅಂದರೆ ದೂರ ಇರಿ.

ಹೊಸ ಮನೆಯಲ್ಲಿ ಬೋರ್‌ವೆಲ್ ನೀರು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) 900ರ ಆಸುಪಾಸು. ಹಳೇ ಮನೆಯಲ್ಲಿ ಕಾವೇರಿ, 200 ದಾಟುತ್ತಿರಲಿಲ್ಲ. ಇದು ಮೊದಲೇ ಹೊಳೆಯಬೇಕಿತ್ತು. ಆರ್‌ಒ ಯಂತ್ರ ದಿನಕ್ಕೆ 100 ಗ್ಯಾಲನ್ ಅಂತ ಬರೆದುಕೊಂಡಿದೆ, ಜನವರಿ ಚಳಿಗೆ, ಆ ಪ್ರೆಶರ್‌ಗೆ ಅದರ ಅರ್ಧವೂ ಬರಲಿಲ್ಲ. 450 ಲೀಟರಿಗೆ ಮೂರು ದಿನ ಹಿಡಿಯಿತು, ಉಳಿದ ಲವಣ ಹೀರುವ ಡಿಐ ರೆಸಿನ್ ಒಂದೇ ಸಲಕ್ಕೆ ಬಣ್ಣ ಬದಲಿಸಿ ಮುಗಿದುಹೋಯಿತು, 1,200 ಅಲ್ಲಿಗೆ ಹೋಯಿತು. ಅದಕ್ಕಿಂತ ಬೇಜಾರಾಗಿದ್ದು ಡ್ರಮ್ ವಿಷಯಕ್ಕೆ. ದುಡ್ಡು ಉಳಿಸೋಕೆ ಗುಜರಿಯಿಂದ ನೀಲಿ ಡ್ರಮ್ ತಂದು ನಾಲ್ಕು ಸಲ ತೊಳೆದಿದ್ದೆ. ಉಪ್ಪು ಹಾಕಿ ಪಂಪ್ ಆನ್ ಮಾಡಿದ ಹತ್ತು ನಿಮಿಷಕ್ಕೆ ನೊರೆ ಉಕ್ಕಿ ಬಾಲ್ಕನಿಯಲ್ಲಿ ಹರಿಯಿತು. ಮೊದಲು ಅದರಲ್ಲಿ ಲಿಕ್ವಿಡ್ ಸೋಪ್ ಇತ್ತಂತೆ. 150 ಲೀಟರ್ ನೀರು ಚರಂಡಿಗೆ. ಆಮೇಲೆ ತೆಪ್ಪಗೆ ಪ್ಲಾಸ್ಟಿಕ್ ಅಂಗಡಿಯಿಂದ ಎರಡು ಹೊಸ ಡ್ರಮ್ ತಂದೆ, ಒಂದಕ್ಕೆ 1,800.

ಸಮುದ್ರದ ನೀರೇ ತರಬಹುದಿತ್ತಲ್ಲ ಅಂತ ಕೇಳುತ್ತೀರಿ. ಅದನ್ನೂ ಮಾಡಿ ನೋಡಿದ್ದೇನೆ. ಒಂದು ಸೆಪ್ಟೆಂಬರಿನಲ್ಲಿ ಮಲ್ಪೆಗೆ ಹೋದಾಗ ಆರು ಕ್ಯಾನ್ ತುಂಬಿಸಿಕೊಂಡು ಬಂದೆ. ಮಳೆಗಾಲದ ಹೊಳೆ ನೀರು ಸೇರಿ ಉಪ್ಪಿನ ಅಳತೆ (ಸಾಪೇಕ್ಷ ಸಾಂದ್ರತೆ) 1.018 ಇತ್ತು, ನನ್ನ ಟ್ಯಾಂಕಿಗೆ ಬೇಕಾದದ್ದು 1.025! ಅದನ್ನು ಕತ್ತಲಲ್ಲಿ ಎರಡು ವಾರ ಇಟ್ಟು, ಸೋಸಿ, ಉಪ್ಪು ಸೇರಿಸಿ ಸರಿ ಮಾಡಿದೆ. ಕೆಲಸಕ್ಕೆ ಬಂತು, ಆದರೆ ಕಾರಿನಲ್ಲಿ ಎರಡು ತಿಂಗಳು ಮೀನು ಮಾರ್ಕೆಟ್ ವಾಸನೆ. ಸಾಕು ಅನ್ನಿಸಿತು.

ಇನ್ನೊಂದು ತಯಾರಿ ಆರು ವಾರ ಮೊದಲೇ ಶುರುವಾಗಿತ್ತು. ಬ್ಯಾಕ್ಟೀರಿಯಾ ಕೂರುವ ಸಿರಾಮಿಕ್ ರಿಂಗ್ಸ್ ಎರಡು ನೆಟ್ ಚೀಲದಲ್ಲಿ ಹಾಕಿ ಟ್ಯಾಂಕಿನ ಕೆಳಗಿಡುವ ಫಿಲ್ಟರ್ ತೊಟ್ಟಿ, ಅಂದರೆ ಸಂಪ್‌ನಲ್ಲಿ ಬಿಟ್ಟಿದ್ದೆ, ಹೊಸ ಮನೆಗೊಂದು, ಹಳೇ ಮನೆಯಲ್ಲಿ ಮೀನು ಉಳಿಯುವ ಟಬ್ಬಿಗೊಂದು. ಕಲ್ಲನ್ನು ಅರ್ಧ ಮಾಡಿದಾಗ ಬರುವ ಕೊರತೆಯನ್ನು ತುಂಬಿದ್ದು ಇದೇ. ಹಳಬರು ಹೇಳಿದ ಮಾತಿಗೆ ನನ್ನ ಉತ್ತರವೂ ಇದೇ. ಈ ಚೀಲ ಇಲ್ಲದೆ ಕಲ್ಲು ಇಬ್ಭಾಗ ಮಾಡಿದರೆ ಅವರು ಹೇಳಿದಂತೆಯೇ ಆಗುತ್ತೆ. (ಅಂದಹಾಗೆ "ಸಂಪ್ ಬಿಚ್ಚಿ ತಗೊಂಡು ಹೋಗ್ತೀನಿ" ಅಂದಾಗ ಹಳೇ ಮನೆಯ ಓನರ್ ಅಜ್ಜಿ ಗಾಬರಿಯಾದರು. "ನೆಲದೊಳಗಿರೋದನ್ನ ಹೆಂಗಪ್ಪಾ ತಗೊಂಡು ಹೋಗ್ತೀಯಾ?" ಅಂತ.)

ಅಮ್ಮನದು ಬೇರೆಯೇ ತಕರಾರು. ಹಾಲು ಉಕ್ಕಿಸುವ ಮೊದಲು ಹೊಸ ಮನೆಗೆ ಏನೂ ಹೋಗಬಾರದು. ನನಗೆ ನೀರು ವಾರ ಮೊದಲೇ ಕಲಸಬೇಕು. ಎರಡು ದಿನ ಮಾತು ಬಿಟ್ಟಿದ್ದರು. ಕೊನೆಗೆ ಉಪ್ಪಿನ ಬಕೆಟ್ ತೋರಿಸಿ "ಉಪ್ಪು ಕಣಮ್ಮ ಇದು" ಅಂದೆ. "ಉಪ್ಪು ತಾನೇ, ಉಪ್ಪು ಮೊದಲು ಹೋಗೋದು ಒಳ್ಳೇದೇ" ಅಂದರು. ಹಾಗೆ ನಮ್ಮ ಹೊಸ ಮನೆಗೆ ಮೊದಲು ಕಾಲಿಟ್ಟಿದ್ದು 22 ಕೆಜಿ ಉಪ್ಪು. ಅದರಲ್ಲಿ ಖರ್ಚಾಗಿದ್ದು ಸುಮಾರು 16 ಕೆಜಿ.

ಮೊದಲ ಕಂತು ಶನಿವಾರ. ಕಲ್ಲು ತೆಗೆದು ನೀರು ನಾಲ್ಕು ಇಂಚಿಗೆ ಇಳಿಸಿದ ಮೇಲೆಯೇ ಮೀನಿಗೆ ಕೈ ಹಾಕಿದೆ. ಕಲ್ಲಿರುವಾಗ ಬಲೆ ಹಿಡಿದು ಓಡಾಡೋದು ಸುಮ್ನೆ ಮೀನನ್ನು ಹೆದರಿಸಿದ ಹಾಗೆ. ಟ್ಯಾಂಗ್‌ಗೆ ಬಲೆ ಬೇಡ, ಬಾಲದ ಬುಡದ ಮುಳ್ಳು ಸಿಕ್ಕಿಕೊಳ್ಳುತ್ತೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂಲೆಗೆ ಒತ್ತಿ ಎತ್ತಿದೆ. ಎಣಿಸಿದರೆ ಆರೇ ಇವೆ. ಡಾಟಿಬ್ಯಾಕ್ ಅನ್ನೋ ಚಿಕ್ಕ ನೇರಳೆ ಮೀನು ಇಲ್ಲ. ಆಗಲೇ ಕಲ್ಲುಗಳೆಲ್ಲ ಕ್ಯಾನುಗಳಲ್ಲಿವೆ. ಒಂದೊಂದೇ ಕಲ್ಲನ್ನು ಎತ್ತಿ, ತೂತು ಕೆಳಗೆ ಮಾಡಿ ಹಿಡಿದು ಕೊಡವುತ್ತಾ ಬಂದೆ. ಐದನೇ ಕಲ್ಲಿನೊಳಗೆ ಏನೋ ಪಟಪಟ ಅಂದಿತು. ಬಕೆಟ್ ಹತ್ತಿರ ತರುವಷ್ಟರಲ್ಲಿ ನೇರಳೆ ಬಣ್ಣದ್ದು ಜಾರಿ ನೆಲಕ್ಕೆ ಬಿದ್ದು, ಪ್ಯಾಕಿಂಗ್ ಧೂಳಿನಲ್ಲಿ ಹೊರಳಾಡಿ ಬೂದಿ ಬಳಿದುಕೊಂಡ ಹಾಗಾಯಿತು. ಒದ್ದೆ ಅಂಗೈಯಲ್ಲಿ ಬಾಚಿ ನೀರಿಗೆ ಹಾಕಿದೆ. ಎರಡು ನಿಮಿಷ ಅಡ್ಡ ಮಲಗಿತ್ತು, ಆಮೇಲೆ ಪಕ್ಕದಲ್ಲಿದ್ದ ಶ್ರಿಂಪ್ ಅನ್ನು ಅಟ್ಟಿಸಿಕೊಂಡು ಹೋಯಿತು. ಸರಿ, ಬದುಕುತ್ತೆ ಅಂದುಕೊಂಡೆ.

ಮೀನುಗಳು, ಅರ್ಧ ಕಲ್ಲು, ಹಳೇ ನೀರು 300 ಲೀಟರ್, ಎಲ್ಲ ಒಂದು ದೊಡ್ಡ ಟಬ್ಬಿಗೆ. ಮೇಲೆ ಸೊಳ್ಳೆ ಪರದೆ. ಅನಿಮೋನ್ ಕೂತಿದ್ದ ಕಲ್ಲು ಹೊಸ ಮನೆಗೆ ಹೋಗಬೇಕಿತ್ತು, ಅನಿಮೋನ್ ಹೋಗುವ ಹಾಗಿರಲಿಲ್ಲ. ಅದನ್ನು ಕೆರೆಯದೆ, ಎಳೆಯದೆ ತಾನಾಗಿ ಬಿಡುವಂತೆ ಮಾಡೋಕೆ ನನ್ನದೊಂದು ಉಪಾಯ ಇದೆ. ಅದನ್ನಿಲ್ಲಿ ಬರೆಯಲ್ಲ, ಮನೆಗೆ ಬಂದು ಕಾಫಿ ಕುಡಿದರೆ ತೋರಿಸುತ್ತೇನೆ.

ಟ್ಯಾಂಕ್ ಹೊರಲು ಪ್ಯಾಕರ್ಸ್‌ನವರು ಒಪ್ಪಲಿಲ್ಲ. 12 ಎಂಎಂ ಗಾಜು, ಖಾಲಿ ಟ್ಯಾಂಕೇ 85 ಕೆಜಿ ಮೇಲಿದೆ. ಗ್ಲಾಸ್ ಅಂಗಡಿ ಹುಡುಗರನ್ನು ಕರೆದೆ. ದಿನಾ ಇದೇ ಕೆಲಸ ಮಾಡುವವರು, ನಾಲ್ವರಿಗೆ 3,500. ನಾನು "ಸಕ್ಷನ್ ಕಪ್ ಹಾಕಿ" ಅಂದೆ. ಅವರಲ್ಲೊಬ್ಬ ನನ್ನನ್ನು ಕನಿಕರದಿಂದ ನೋಡಿ "ಬಿಡಿ ಗಾಜಿಗೆ ಹಾಕ್ಬೋದಣ್ಣ, ಅಂಟಿಸಿರೋದಕ್ಕೆ ಹಾಕಿದ್ರೆ ಜಾಯಿಂಟ್ ಕಿತ್ಕೊಂಡ್ ಬರುತ್ತೆ" ಅಂದ. ತಳಕ್ಕೆ ಎರಡು ಬೆಲ್ಟ್ ಹಾಕಿ ಎತ್ತಿದರು. ಲಿಫ್ಟಿಗೆ ಹಿಡಿಸಲಿಲ್ಲ, ಮೂರು ಮಹಡಿ ಮೆಟ್ಟಿಲಲ್ಲೇ ಹತ್ತಿದರು.

ತುಂಬಿದ ಮೇಲೆ ಸ್ಟ್ಯಾಂಡ್, ಸಂಪ್ ಸೇರಿ 650 ಕೆಜಿ. ಮನೆಯ ಸ್ಲ್ಯಾಬಿಗೆ ಚದರ ಮೀಟರಿಗೆ ಸುಮಾರು 200 ಕೆಜಿ ಭಾರದ ಲೆಕ್ಕ ಇಟ್ಟಿರುತ್ತಾರೆ. ನಮ್ಮ ಟ್ಯಾಂಕ್ ಕೂರೋದು ಮುಕ್ಕಾಲು ಚದರ ಮೀಟರಿನಲ್ಲಿ. ಅದಕ್ಕೇ ಹಾಲ್ ಮಧ್ಯೆ ಬೇಡ ಅಂತ, ಡ್ರಾಯಿಂಗ್ ನೋಡಿ, ಕೆಳಗೆ ಬೀಮ್ ಇರುವ ಗೋಡೆಗೆ ಒತ್ತಿ ಇಟ್ಟೆ. ಮಟ್ಟ ನೋಡೋಕೆ ಗಾರೆಯವರ ನೀರಿನ ಟ್ಯೂಬ್ ಸಾಕು. ಒಂದು ಕಡೆ 4 ಎಂಎಂ ತಗ್ಗಿತ್ತು, ಸ್ಟ್ಯಾಂಡ್ ಕಾಲಿಗೆ ಪ್ಯಾಕಿಂಗ್ ಕೊಟ್ಟು, ಮೇಲೆ ಥರ್ಮಾಕೋಲ್ ಹಾಕಿದೆ.

ಹೊಸ ಮರಳು, ಅರ್ಧ ಕಲ್ಲು, ರಿಂಗ್ಸ್ ಚೀಲ, 1.025 ಉಪ್ಪುನೀರು, ಹೀಟರ್ 26ಕ್ಕೆ. ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿವೆಯಾ ಅಂತ ನೋಡೋಕೆ ಮೂರನೇ ದಿನ ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯ 1ಕ್ಕೆ ಏರಿಸಿದೆ. ಇಳಿಯೋಕೆ ಎರಡು ದಿನ ತಗೊಂಡಿತು. ಮತ್ತೆ ಹಾಕಿದೆ. ಎಂಟನೇ ದಿನ ಹಾಕಿದ್ದು 24 ಗಂಟೆಯಲ್ಲಿ ಸೊನ್ನೆ, ಅಮೋನಿಯದಿಂದ ಹುಟ್ಟುವ ಇನ್ನೊಂದು ವಿಷ ನೈಟ್ರೈಟ್ ಕೂಡ ಸೊನ್ನೆ. ಖಾಲಿ ಟ್ಯಾಂಕಿಗೆ ಈ ಪರೀಕ್ಷೆ ಮಾಡಬಹುದು, ಮೀನು ಒಳಗಿದ್ದರೆ ಮಾಡೋಕಾಗಲ್ಲ ಅಲ್ವಾ? ಎರಡು ಕಂತಿನ ಲಾಭ ಇರೋದು ಇಲ್ಲೇ.

ಹಳೇ ಮನೆಯಲ್ಲಿ ಆ 10 ದಿನ ನಾನು ಒಬ್ಬನೇ ಚಾಪೆ ಹಾಕಿಕೊಂಡು ಮಲಗಿದೆ. ದಿನ ಬಿಟ್ಟು ದಿನ ಒಂದು ಚಿಟಿಕೆ ಊಟ, 40 ಲೀಟರ್ ನೀರು ಬದಲಾವಣೆ. ಇನ್ವರ್ಟರ್ ಆಗಲೇ ಹೊಸ ಮನೆಗೆ ಹೋಗಿತ್ತು. ಒಂದು ರಾತ್ರಿ ಐದು ಗಂಟೆ ಕರೆಂಟ್ ಇರಲಿಲ್ಲ. ಯುಎಸ್‌ಬಿ ಏರ್ ಪಂಪ್ ಮತ್ತು ಮೊಬೈಲ್ ಪವರ್ ಬ್ಯಾಂಕ್ ಕಾಪಾಡಿತು. ಆಮೇಲೆ ಪರೀಕ್ಷೆ ಮಾಡಿದೆ, ಒಂದು ಚಾರ್ಜಿಗೆ 11 ಗಂಟೆ ಓಡುತ್ತೆ.

ಎರಡನೇ ಕಂತು ಬೆಳಿಗ್ಗೆ 5:30ಕ್ಕೆ, ಟ್ರಾಫಿಕ್ ಇಲ್ಲದೆ 50 ನಿಮಿಷ. ಮೇಲ್ಭಾಗ ಕತ್ತರಿಸಿದ 20 ಲೀಟರ್ ನೀರಿನ ಕ್ಯಾನುಗಳಲ್ಲಿ ಮೀನು, ಕಲ್ಲು. ಟ್ಯಾಂಗ್‌ಗೆ ಐಸ್ ಬಾಕ್ಸ್. ಕವರ್‌ನಲ್ಲಿ ಕಟ್ಟಲಿಲ್ಲ. ಕಟ್ಟಿದ ಕವರ್‌ನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತೆ, ಅಮೋನಿಯ ಅಷ್ಟು ಕಚ್ಚಲ್ಲ. ಬಿಚ್ಚಿದ ತಕ್ಷಣ ಪಿಎಚ್ ಏರಿ ಅದೇ ಅಮೋನಿಯ ವಿಷವಾಗುತ್ತೆ. ತೆರೆದ ಕ್ಯಾನ್, ಏರ್ ಸ್ಟೋನ್, ಒಂದು ಗಂಟೆಯೊಳಗಿನ ದಾರಿ, ಇಷ್ಟಿದ್ದರೆ ಆ ತಲೆನೋವೇ ಇಲ್ಲ. ಉಪ್ಪು ಎರಡೂ ಕಡೆ ಒಂದೇ ಇದ್ದಿದ್ದರಿಂದ ಡ್ರಿಪ್ (ಹೊಸ ನೀರನ್ನು ಹನಿ ಹನಿಯಾಗಿ ಸೇರಿಸಿ ಒಗ್ಗಿಸೋದು) ಕೂಡ ಮಾಡಲಿಲ್ಲ. ಐದು ನಿಮಿಷಕ್ಕೊಂದು ಮಗ್ ಹೊಸ ನೀರು, 20 ನಿಮಿಷಕ್ಕೆ ಒಳಗೆ ಬಿಟ್ಟೆ. ಮೊದಲ ರಾತ್ರಿ ಲೈಟ್ ಹಾಕಲಿಲ್ಲ. ಟ್ಯಾಂಗ್‌ಗೆ ಚುಕ್ಕೆ ಬರದಂತೆ ಊಟದಲ್ಲಿ ಒಂದು ವಸ್ತು ಸೇರಿಸಿದ್ದೆ. ಬೆಳ್ಳುಳ್ಳಿ ಅಂದುಕೊಂಡರೆ ತಪ್ಪು.

ಅಮೋನಿಯ ಒಂದು ದಿನವೂ ಕಾಣಿಸಲಿಲ್ಲ. ಮೂರನೇ ವಾರ ಹೊಸ ಮರಳಿನ ಮೇಲೆ ಕಂದು ಡಯಾಟಮ್ (ಒಂದು ಬಗೆಯ ಪಾಚಿ) ಬಂತು, ಹೋಯಿತು. ಅನಿಮೋನ್ ಎರಡು ದಿನ ಊರೆಲ್ಲ ಸುತ್ತಿ, ನಾನು ಆರಿಸಿಟ್ಟ ಕಲ್ಲು ಬಿಟ್ಟು, ಸಂಪಿಗೆ ನೀರು ಇಳಿಯುವ ಮೂಲೆಯ ಓವರ್‌ಫ್ಲೋ ಹಿಂದೆ ಹೋಗಿ ಕೂತಿದೆ. ನೋಡಬೇಕಾದರೆ ಮೊಬೈಲ್ ತೂರಿಸಿ ಫೋಟೋ ತೆಗೆಯಬೇಕು.

ಖರ್ಚು: 10 ದಿನದ ಹೆಚ್ಚುವರಿ ಬಾಡಿಗೆ 8,000, ಉಪ್ಪು 9,000, ಮರಳು 6,000, ಎರಡು ಸಲ ಟೆಂಪೋ 5,000, ಮೇಲೆ ಹೇಳಿದ ಡ್ರಮ್, ಹುಡುಗರು, ರೆಸಿನ್, ಟಬ್, ಕ್ಯಾನು, ಎಲ್ಲ ಸೇರಿ 42,000 ಆಸುಪಾಸು. "ಹಿಂದೆ ಎರಡು ಸಲ ಸತ್ತಿದ್ದು 36,000ದ ಮೀನು ತಾನೇ?" ಅಂತ ನನ್ನ ಹೆಂಡತಿ ಕೇಳಿದಳು. ನಾನು ಅಷ್ಟರಲ್ಲಿ ಟ್ಯಾಂಕಿನ ಕೊಳೆ ತೆಗೆಯುವ ಸ್ಕಿಮ್ಮರ್ ತೊಳೆಯೋಕೆ ಹೋಗಿದ್ದೆ. ಇದರ ಮೇಲೆ ಹಳೇ ಮನೆಯ ಗೋಡೆಯಲ್ಲಿ ಉಪ್ಪಿನ ಕಲೆ ಅಂತ ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಜೊತೆ ಇನ್ನೂ 6,000 ಹಿಡಿದುಕೊಂಡರು. ಆ ಅಜ್ಜಿ ಜೊತೆ ವಾದ ಮಾಡೋಕಾಗಲ್ಲ.

ಕ್ಯಾನುಗಳ ಡೆಪಾಸಿಟ್ ಮಾತ್ರ ವಾಪಸ್ ಬರುತ್ತೆ ಅಂದುಕೊಂಡಿದ್ದೆ, 20 ಕ್ಯಾನಿಗೆ 3,000. ಕತ್ತರಿಸಿದ 12 ಬಿಡಿ, ಉಳಿದ 8ನ್ನು ತಿಕ್ಕಿ ತೊಳೆದು ಕೊಟ್ಟರೆ ನೀರಿನವನು ಮೂಸಿ ನೋಡಿ "ಸಾರ್, ಇದನ್ನ ನಾನ್ ಯಾರಿಗ್ ಕೊಡ್ಲಿ?" ಅಂದ. ಎಲ್ಲವೂ ಬಾಲ್ಕನಿಯಲ್ಲಿವೆ. ಕತ್ತರಿಸಿದ ನಾಲ್ಕರಲ್ಲಿ ಅಮ್ಮ ಪುದೀನ ಹಾಕಿದ್ದಾರೆ.