ಬರೆದುಕೊಟ್ಟ ಮಾತ್ರೆ ಹೊಟ್ಟೆಗೆ ಹೋಯಿತಾ?

ಡಾಕ್ಟರಾದ ಮೊದಲ ವರ್ಷಗಳಲ್ಲಿ ನನ್ನ ಲೆಕ್ಕ ಸರಳವಾಗಿತ್ತು. ಬಿಪಿ ಇಳಿಯದಿದ್ದರೆ ಡೋಸ್ ಏರಿಸು. ಆಗಲೂ ಇಳಿಯದಿದ್ದರೆ ಇನ್ನೊಂದು ಮಾತ್ರೆ ಸೇರಿಸು. ಹೀಗೆ ಹಿರಿಯರೊಬ್ಬರನ್ನು ಮೂರು ಮಾತ್ರೆಗಳವರೆಗೆ ತಂದಿದ್ದೆ. ನಾಲ್ಕನೆಯದನ್ನು ಬರೆಯುವ ಮುಂಚೆ, ಯಾಕೋ, "ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಮುಂದಿನ ಸಲ ತಂದುಬಿಡಿ" ಅಂದೆ. ಅವರು ಒಂದು ಚೀಲ ತಂದು ಮೇಜಿನ ಮೇಲೆ ಸುರಿದರು. ಹೆಚ್ಚಿನ ಸ್ಟ್ರಿಪ್‌ಗಳನ್ನು ಒಡೆದೇ ಇರಲಿಲ್ಲ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನೀವು ಕೇಳಲಿಲ್ಲವಲ್ಲ ಡಾಕ್ಟ್ರೇ. ನುಂಗಿದರೆ ತಲೆ ತಿರುಗುತ್ತೆ. ಹೇಳಿದರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರು ಬೇರೆ ಯಾವುದೋ ಕಾಯಿಲೆಗೆ ಆಸ್ಪತ್ರೆ ಸೇರಿದ್ದರೆ ಏನಾಗುತ್ತಿತ್ತು? ನನ್ನ ಪಟ್ಟಿ ನೋಡಿ ನರ್ಸ್ ಮೂರೂ ಮಾತ್ರೆ ಕೊಡುತ್ತಿದ್ದರು. ಅಷ್ಟನ್ನೂ ಒಟ್ಟಿಗೆ ಎಂದೂ ನುಂಗದ ದೇಹದಲ್ಲಿ ಬಿಪಿ ಧಡಕ್ಕನೆ ಕುಸಿಯುತ್ತಿತ್ತು.

ಆಮೇಲೆ ಓದಲು ಶುರು ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿಯೊಂದು ಕೈಗೆ ಸಿಕ್ಕಿತು. ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದ ಹಾಗೆ ಔಷಧ ತೆಗೆದುಕೊಳ್ಳುತ್ತಾರೆ ಎಂದು ಅದರಲ್ಲಿತ್ತು. ಬಡ ದೇಶಗಳಲ್ಲಿ ಇನ್ನೂ ಕಡಿಮೆ. ಹೊಸ ಔಷಧ ಕಂಡುಹಿಡಿಯಲು ಇಷ್ಟೊಂದು ಜನ ದುಡಿಯುತ್ತಿದ್ದಾರೆ. ಇರುವ ಔಷಧ ಚೀಟಿಯಿಂದ ಹೊಟ್ಟೆಗೆ ಹೋಗುವ ದಾರಿಯನ್ನು ನೋಡುವವರು ಯಾರು? ನಾನು ಸಂಶೋಧನೆಗೆ ಇಳಿದದ್ದು ಈ ಪ್ರಶ್ನೆಗಾಗಿ.

ಅಂಕಿಸಂಖ್ಯೆಯನ್ನು ಮೊದಲಿಂದ ಕಲಿತೆ. ಅರ್ಥಶಾಸ್ತ್ರದ ತರಗತಿಗಳಲ್ಲಿ ಕೂತೆ. ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ ಬರೆದ ಲೇಖನ ಓದಿದಾಗ ನನ್ನ ರೋಗಿಗಳೇ ಕಣ್ಣ ಮುಂದೆ ಬಂದರು. ಸಿಗುವುದರ ಖುಷಿಗಿಂತ ಕಳೆದುಕೊಳ್ಳುವುದರ ನೋವು ನಮಗೆ ದೊಡ್ಡದು ಎನ್ನುತ್ತಾರೆ ಅವರು. ಬಿಪಿ ಮಾತ್ರೆಯ ಲಾಭ ಹತ್ತು ವರ್ಷದ ನಂತರದ್ದು, ಕಣ್ಣಿಗೆ ಕಾಣದ್ದು. ತಲೆ ತಿರುಗುವುದು ಮಾತ್ರ ಇವತ್ತೇ.

ನಾನು ಮಾಡಿದ ಮೊದಲ ಪ್ರಯೋಗ ಸೋತಿತು. ದಿನಾ ಫೋನಿಗೆ ಸಂದೇಶ ಕಳಿಸಿ ಮಾತ್ರೆ ನೆನಪಿಸುವುದು, ಅಷ್ಟೇ. ಸಂದೇಶ ಪಡೆದ ಗುಂಪಿಗೂ ಪಡೆಯದ ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಕೂತು ಯೋಚಿಸಿದಾಗ ಎರಡು ತಪ್ಪು ಸಿಕ್ಕವು. ನನ್ನ ಅಧ್ಯಯನಕ್ಕೆ ಒಪ್ಪಿ ಬಂದವರಲ್ಲಿ ಹೆಚ್ಚಿನವರು ಮೊದಲಿಂದಲೂ ಶಿಸ್ತಿನಿಂದ ಮಾತ್ರೆ ನುಂಗುವವರು. ಇನ್ನೊಂದು, ಆ ಹಿರಿಯರು ಮಾತ್ರೆ ಮರೆತಿರಲೇ ಇಲ್ಲ. ಬೇಡ ಅಂತ ಬಿಟ್ಟಿದ್ದರು. ಬೇಡ ಅಂದವರಿಗೆ ನೆನಪಿಸಿದರೆ ಏನು ಪ್ರಯೋಜನ?

ಅಳೆಯುವುದೂ ಸುಲಭ ಅಲ್ಲ. ಬಾಯಿಮಾತಿನಲ್ಲಿ ಕೇಳಿದರೆ ಜನ ಸ್ವಲ್ಪ ಜಾಸ್ತಿಯೇ ಹೇಳುತ್ತಾರೆ. ಉಳಿದ ಮಾತ್ರೆ ಎಣಿಸೋಣ ಎಂದರೆ, ಬರುವ ಮುಂಚೆ ಕೆಲವನ್ನು ಎಸೆದು ಬರುವವರಿದ್ದಾರೆ. ಮುಚ್ಚಳ ತೆರೆದದ್ದನ್ನು ದಾಖಲಿಸುವ ಬಾಟಲಿಗಳಿವೆ. ಆದರೆ ಮುಚ್ಚಳ ತೆರೆದವರೆಲ್ಲ ನುಂಗಿದರು ಅಂತ ಹೇಳೋಕಾಗಲ್ಲ. ನಾನು ಹೆಚ್ಚಾಗಿ ಔಷಧ ಅಂಗಡಿಯ ದಾಖಲೆಯನ್ನೇ ನಂಬುತ್ತೇನೆ. ಮುಂದಿನ ತಿಂಗಳ ಮಾತ್ರೆ ಕೊಳ್ಳಲು ಬಂದರಾ, ಇಲ್ಲವಾ? ಅದು ಒರಟು ಅಳತೆ, ಆದರೆ ನನ್ನನ್ನು ಮೆಚ್ಚಿಸಲು ಸುಳ್ಳು ಹೇಳುವುದಿಲ್ಲ.

ದುಡ್ಡೇ ಅಡ್ಡಿ ಎಂದೂ ಬಹಳ ದಿನ ಅಂದುಕೊಂಡಿದ್ದೆ. ಅಮೆರಿಕದಲ್ಲಿ ಹೃದಯಾಘಾತ ಆದವರಿಗೆ ಔಷಧವನ್ನು ಪೂರ್ತಿ ಉಚಿತ ಮಾಡಿ ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2011ರಲ್ಲಿ ಬಂತು. ಮಾತ್ರೆ ತೆಗೆದುಕೊಳ್ಳುವ ಪ್ರಮಾಣ ಏರಿತು, ನಿಜ. ಏರಿದ್ದು 4ರಿಂದ 6 ಶೇಕಡಾ ಅಂಶ ಮಾತ್ರ. ಬೆಲೆ ಇಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಲೆ ಇಳಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ.

ಆರೋಗ್ಯ ನೀತಿ ರೂಪಿಸುವುದು ಎಂದರೇನು ಎಂದು ನನಗೆ ಕಲಿಸಿದ್ದು ಸಿಗರೇಟು ಬಿಡಿಸುವ ಒಂದು ಅಧ್ಯಯನ. 2015ರಲ್ಲಿ ಪ್ರಕಟವಾದದ್ದು. ಒಂದು ಗುಂಪಿಗೆ, ಸಿಗರೇಟು ಬಿಟ್ಟರೆ 800 ಡಾಲರ್‌ವರೆಗೆ ಬಹುಮಾನ. ಇನ್ನೊಂದು ಗುಂಪಿನವರು ತಮ್ಮದೇ 150 ಡಾಲರ್ ಮೊದಲು ಕಟ್ಟಬೇಕು. ಗೆದ್ದರೆ ಅದೂ ವಾಪಸ್, ಮೇಲೆ 650 ಡಾಲರ್ ಬಹುಮಾನ. ಸೋತರೆ ಕಟ್ಟಿದ್ದು ಹೋಯಿತು. ಕಾನೆಮನ್ ಮಾತಿನ ಪ್ರಕಾರ ಎರಡನೆಯದೇ ಜೋರಾಗಿ ಕೆಲಸ ಮಾಡಬೇಕು. ಒಪ್ಪಿಕೊಂಡವರಲ್ಲಿ ಮಾಡಿತು ಕೂಡ. ಆದರೆ ದುಡ್ಡು ಕಟ್ಟಲು ಒಪ್ಪಿದ್ದು ಶೇಕಡಾ 13.7 ಜನ. ಬಹುಮಾನದ ಯೋಜನೆಗೆ ಶೇಕಡಾ 90 ಜನ ಒಪ್ಪಿದರು. ಒಟ್ಟು ಲೆಕ್ಕದಲ್ಲಿ ಆರು ತಿಂಗಳು ಸಿಗರೇಟು ಬಿಟ್ಟವರು ಬಹುಮಾನದ ಗುಂಪಿನಲ್ಲಿ ಶೇಕಡಾ 15.7, ಠೇವಣಿ ಗುಂಪಿನಲ್ಲಿ 10.2, ಮಾಮೂಲಿ ನೆರವು ಪಡೆದವರಲ್ಲಿ 6. ಈ ಅಂಕಿಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಡಾಕ್ಟರ್ ಆಗಿ ನಾನು, ಎದುರು ಕೂತವರಿಗೆ ಯಾವುದು ಚೆನ್ನಾಗಿ ಕೆಲಸ ಮಾಡುತ್ತೆ ಎಂದು ಕೇಳುತ್ತಿದ್ದೆ. ನೀತಿ ಮಾಡುವಾಗ ಒಳಗೆ ಬಾರದೆ ಬಾಗಿಲಲ್ಲೇ ನಿಂತವರನ್ನೂ ಎಣಿಸಬೇಕು.

ನಿಜವಾಗಿ ಕೈಗೂಡಿದ ನನ್ನ ಕೆಲಸ ತುಂಬಾ ಚಿಕ್ಕದು. ಚೀಟಿ ಬರೆಯುವ ಕಂಪ್ಯೂಟರ್ ಪರದೆಯಲ್ಲಿ ಎಲ್ಲ ಮಾತ್ರೆಗೂ "30 ದಿನ" ಎಂದು ಮೊದಲೇ ತುಂಬಿರುತ್ತಿತ್ತು. ಯಾರು ಯಾವಾಗ ಹಾಗೆ ಇಟ್ಟರೋ ಗೊತ್ತಿಲ್ಲ. ನಾವೆಲ್ಲ ಅದನ್ನೇ ಒತ್ತುತ್ತಿದ್ದೆವು. ತಿಂಗಳಿಗೊಮ್ಮೆ ಅಂಗಡಿಗೆ ಓಡಬೇಕಾದ ರೋಗಿಗೆ ಮಾತ್ರೆ ತಪ್ಪಲು ವರ್ಷಕ್ಕೆ ಹನ್ನೆರಡು ಸಂದರ್ಭ. ಅಮೆರಿಕದ ಒಂದು ಆಸ್ಪತ್ರೆ ಸಮೂಹದಲ್ಲಿ ಹೀಗೇ ಪರದೆ ಬದಲಿಸಿ, ಜೆನೆರಿಕ್ ಔಷಧವೇ (ಬ್ರ್ಯಾಂಡ್ ಹೆಸರಿಲ್ಲದ, ಅದೇ ಔಷಧ) ತಾನಾಗಿ ಆಯ್ಕೆಯಾಗುವಂತೆ ಮಾಡಿದಾಗ ಜೆನೆರಿಕ್ ಬರೆಯುವ ಪ್ರಮಾಣ ಸುಮಾರು ಶೇಕಡಾ 75ರಿಂದ 98ಕ್ಕೆ ಹೋಗಿತ್ತು. ಅದೇ ಧೈರ್ಯದ ಮೇಲೆ 30 ತೆಗೆದು 90 ಮಾಡಿ ಎಂದು ಕೇಳಿದೆ.

ಒಂದು ಸಂಖ್ಯೆ ಬದಲಿಸಲು ಎಂಟು ತಿಂಗಳು ಹಿಡಿಯಿತು. ಸಮಿತಿಗೆ ಮೊದಲ ಸಲ ನಲವತ್ತು ಪುಟ ತೆಗೆದುಕೊಂಡು ಹೋದೆ. ಯಾರೂ ಓದಲಿಲ್ಲ. ಒಬ್ಬ ಹಿರಿಯ ಅಧಿಕಾರಿ, "ನಾಳೆ ಬೆಳಿಗ್ಗೆ ಇದರಿಂದ ಯಾರಿಗೆ ಕೆಲಸ ಜಾಸ್ತಿ ಆಗುತ್ತೆ, ಅದು ಹೇಳಿ" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಔಷಧ ಕೊಡುವವರ ಜೊತೆ ಎರಡು ವಾರ ಕೌಂಟರಿನ ಹಿಂದೆ ನಿಂತೆ. ದಾಸ್ತಾನು ಎಷ್ಟು ಬೇಕು, ಯಾವ ದಿನ ಗದ್ದಲ ಎಂದು ನೋಡಿಕೊಂಡೆ. ಮುಂದಿನ ಸಲ ಒಂದೇ ಪುಟ ತಂದೆ. ಒಪ್ಪಿದರು.

ಆದರೂ ಒಂದು ತಪ್ಪು ನುಸುಳಿತು. ಹೊಸದಾಗಿ ಶುರು ಮಾಡಿದ ಮಾತ್ರೆಗಳಿಗೂ 90 ದಿನವೇ ಬರತೊಡಗಿತು. ಹೊಸ ಮಾತ್ರೆ ಹಿಡಿಸದಿದ್ದವರ ಮನೆಯಲ್ಲಿ ಮೂರು ತಿಂಗಳ ಔಷಧ ಉಳಿಯಿತು. ಅದನ್ನು ಕಂಡುಹಿಡಿದದ್ದು ಒಬ್ಬ ನರ್ಸ್. ರೋಗಿಗಳು ಅವರಿಗೆ ಹೇಳುತ್ತಿದ್ದರು, ನಮಗಲ್ಲ. ಹೊಸ ಮಾತ್ರೆಗೆ ಮತ್ತೆ 30 ದಿನ ಮಾಡಿಸಿದೆವು. ಅಂದಿನಿಂದ ನಾನು ಯಾವ ಅಧ್ಯಯನ ಮಾಡಿದರೂ ತಂಡದಲ್ಲಿ ನರ್ಸ್ ಒಬ್ಬರು ಇರಲೇಬೇಕು, ಹೆಸರಿಗೆ ಮಾತ್ರ ಅಲ್ಲ.

ಇದು ಜನರನ್ನು ಗೊತ್ತಿಲ್ಲದ ಹಾಗೆ ತಳ್ಳಿದಂತೆ ಆಗಲ್ವಾ ಎಂದು ಕಿರಿಯ ಡಾಕ್ಟರುಗಳು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಪರದೆಯ ಮೇಲೆ ಏನೋ ಒಂದು ಮೊದಲೇ ತುಂಬಿದ್ದೇ ಇರುತ್ತದೆ. ಅದನ್ನು ಎಲ್ಲರಿಗೂ ಹೇಳಿ ಬದಲಿಸಿದ್ದೇವಾ, ಒಂದೇ ಒತ್ತಿನಲ್ಲಿ ಬೇಡ ಅನ್ನಬಹುದಾ ಎಂದು ನೋಡುತ್ತೇನೆ. ಎರಡರಲ್ಲಿ ಒಂದು ಇಲ್ಲದಿದ್ದರೂ ನಾನು ಸಹಿ ಹಾಕುವುದಿಲ್ಲ.

ವಾರಕ್ಕೆ ಒಂದು ದಿನ ಈಗಲೂ ರೋಗಿಗಳನ್ನು ನೋಡುತ್ತೇನೆ. ಅದನ್ನು ಬಿಟ್ಟರೆ ನನ್ನ ಪ್ರಶ್ನೆಗಳು ಬತ್ತುತ್ತವೆ. ಕೇಳುವ ರೀತಿ ಮಾತ್ರ ಬದಲಾಗಿದೆ. "ಮಾತ್ರೆ ಸರಿಯಾಗಿ ತಗೋತಿದ್ದೀರಾ?" ಎಂದು ಕೇಳುವುದಿಲ್ಲ. ಹೌದು ಎನ್ನದೆ ಅವರಿಗೆ ಬೇರೆ ದಾರಿಯೇ ಇಲ್ಲ. "ಮಾತ್ರೆ ತಪ್ಪುವುದು ಎಲ್ಲರಿಗೂ ಆಗುತ್ತೆ. ಹೋದ ವಾರ ಎಷ್ಟು ದಿನ ತಪ್ಪಿತು?" ಎನ್ನುತ್ತೇನೆ. ಆ ಹಿರಿಯರಿಗೆ ಎರಡು ಮಾತ್ರೆ ನಿಲ್ಲಿಸಿ, ಮೂರನೆಯದನ್ನು ಕಡಿಮೆ ಡೋಸಿನಲ್ಲಿ ಕೊಟ್ಟೆ. ತಲೆ ತಿರುಗುವುದು ನಿಂತಿತು. ಅದೊಂದನ್ನು ಅವರು ದಿನಾ ನುಂಗಿದರು.

ಈಗಿನ ಅಧ್ಯಯನ ಅವರಿಂದಲೇ ಹುಟ್ಟಿದ್ದು. ಹೊಸ ಮಾತ್ರೆ ಶುರುವಾದ ಹತ್ತನೇ ದಿನ ನರ್ಸ್ ಫೋನ್ ಮಾಡುತ್ತಾರೆ. ಮಾತ್ರೆ ನೆನಪಿಸುವುದಿಲ್ಲ. "ನುಂಗಿದ ಮೇಲೆ ಏನಾದರೂ ತೊಂದರೆ ಆಯ್ತಾ?" ಎಂದಷ್ಟೇ ಕೇಳುತ್ತಾರೆ. ಫಲಿತಾಂಶ ಬರಲು ಇನ್ನೂ ಒಂದು ವರ್ಷ ಬೇಕು.