ವಯಸ್ಸಾದ ನಾಯಿಗೆ ಮಿದುಳಿನ ಗಡ್ಡೆ: ಗುರುತಿಸುವುದು, ನೋಡಿಕೊಳ್ಳುವುದು

ನಮ್ಮ ಕರಿಯನಿಗೆ ಆಗ 11 ವರ್ಷ. ತಟ್ಟೆಯ ಎಡಗಡೆಯದನ್ನು ಮಾತ್ರ ನೆಕ್ಕಿ, ಬಲಗಡೆಯ ಊಟ ಹಾಗೇ ಬಿಡುತ್ತಿದ್ದ. ಹಸಿವಿಲ್ಲ ಅಂದುಕೊಂಡೆ. ಒಂದು ದಿನ ಸುಮ್ನೆ ತಟ್ಟೆ ತಿರುಗಿಸಿಟ್ಟೆ, ಪೂರ್ತಿ ಖಾಲಿ ಮಾಡಿದ. ಮಿದುಳಿನ ಎಡಭಾಗದಲ್ಲಿ ಗಡ್ಡೆ ಬೆಳೆದಿತ್ತು. ಬಲಗಡೆ ಇದ್ದದ್ದು ಅವನ ಗಮನಕ್ಕೇ ಬರುತ್ತಿರಲಿಲ್ಲ. ಮನೆಯೊಳಗೆ ಸುತ್ತು ಹಾಕುತ್ತಿದ್ದದ್ದೂ ಬರೀ ಎಡಕ್ಕೆ.

ಐದಾರು ವರ್ಷ ದಾಟಿದ ನಾಯಿಗೆ ಮೊದಲ ಸಲ ಫಿಟ್ಸ್ ಬಂದರೆ ಗಡ್ಡೆಯ ಅನುಮಾನ ಇಟ್ಟುಕೊಳ್ಳಿ. ಗೋಡೆಗೆ ತಲೆ ಒತ್ತಿ ನಿಲ್ಲುವುದು, ಸ್ವಭಾವ ಬದಲಾಗುವುದು ಕೂಡ ಸುಳಿವುಗಳೇ. ಆದರೆ ದಿಢೀರನೆ ತಲೆ ಒಂದು ಕಡೆ ವಾಲಿ, ಕಣ್ಣುಗುಡ್ಡೆ ಓಲಾಡಿದರೆ ಗಡ್ಡೆಯೇ ಅಂತ ಎದೆಗುಂದಬೇಡಿ. ಒಳಗಿವಿಯ ಸಮತೋಲನ ಕೆಟ್ಟರೂ ಮುದಿನಾಯಿಗಳಿಗೆ ಹೀಗಾಗುತ್ತದೆ, ಎಷ್ಟೋ ಸಲ ಕೆಲವು ದಿನಗಳಲ್ಲಿ ಸುಧಾರಿಸುತ್ತದೆ. ಡಾಕ್ಟರಿಗಂತೂ ತೋರಿಸಲೇಬೇಕು.

ಫಿಟ್ಸ್ ಬಂದಾಗ ಬಾಯಿಗೆ ಕೈ ಹಾಕಬೇಡಿ. ಗಡಿಯಾರ ನೋಡಿ, ಫೋನಿನಲ್ಲಿ ವಿಡಿಯೊ ಮಾಡಿ. ನಮ್ಮ ಡಾಕ್ಟರಿಗೆ ನನ್ನ ವಿವರಣೆಗಿಂತ ಆ ವಿಡಿಯೊನೇ ಜಾಸ್ತಿ ಉಪಯೋಗಕ್ಕೆ ಬಂತು. 5 ನಿಮಿಷ ದಾಟಿದರೆ, ಅಥವಾ 24 ಗಂಟೆಯೊಳಗೆ ಮತ್ತೆ ಬಂದರೆ, ಕಾಯದೆ ಆಸ್ಪತ್ರೆಗೆ ಹೊರಡಿ.

ಮೊದಲು ರಕ್ತ ಪರೀಕ್ಷೆ. ಸಕ್ಕರೆ ಇಳಿದರೂ, ಲಿವರ್ ಕೆಟ್ಟರೂ ಫಿಟ್ಸ್ ಬರಬಹುದು ಅಲ್ವಾ? ಬೇರೆಲ್ಲಿಂದಾದರೂ ಕ್ಯಾನ್ಸರ್ ಹರಡಿದೆಯಾ ಅಂತ ನೋಡಲು ಎದೆಯ ಎಕ್ಸ್-ರೇ. ಆಮೇಲೆ ಎಂಆರ್‌ಐ. ಅದಕ್ಕೆ ಪೂರ್ತಿ ಅರಿವಳಿಕೆ ಕೊಡಬೇಕು, ಹಾಗಾಗಿ ಹೃದಯ, ಕಿಡ್ನಿ ಹೇಗಿವೆ ಅಂತ ಮೊದಲೇ ಕೇಳಿ.

ಮಿದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮಾ ಕೈಗೆ ಸಿಗುವ ಜಾಗದಲ್ಲಿದ್ದರೆ ಆಪರೇಷನ್ ಮಾಡಬಹುದು. ರೇಡಿಯೇಷನ್ ಇನ್ನೊಂದು ದಾರಿ. ಪ್ರತಿ ಸಲವೂ ಅರಿವಳಿಕೆ ಬೇಕು. ಕರಿಯನ ಹೃದಯ ಸೋತಿತ್ತು, ನಾವು ಮಾತ್ರೆಗಳನ್ನೇ ಆರಿಸಿಕೊಂಡೆವು.

ಪ್ರೆಡ್ನಿಸೊಲೋನ್ ಗಡ್ಡೆಯ ಸುತ್ತಲಿನ ಊತ ಇಳಿಸುತ್ತದೆ. ಮೂರನೇ ದಿನಕ್ಕೆ ಕರಿಯ ಬಾಲ ಆಡಿಸಿದ. ಗಡ್ಡೆಯೇ ಹೋಯಿತು ಅಂತ ಅರ್ಥವಲ್ಲ. ಬಾಯಾರಿಕೆ, ಹಸಿವು, ಮೂತ್ರ ಎಲ್ಲ ಹೆಚ್ಚುತ್ತವೆ, ರಾತ್ರಿಯೂ ಹೊರಗೆ ಬಿಡಬೇಕಾಗುತ್ತದೆ. ಇದರ ಜೊತೆ ನೋವಿನ ಮಾತ್ರೆ ನೀವಾಗಿಯೇ ಕೊಡಬೇಡಿ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಫಿಟ್ಸಿಗೆ ಫೀನೋಬಾರ್ಬಿಟಾಲ್, 12 ಗಂಟೆಗೊಮ್ಮೆ. ಮೊದಲ ವಾರಗಳಲ್ಲಿ ತೂಕಡಿಕೆ, ತಡವರಿಕೆ ಇರುತ್ತದೆ. ಹೆದರಿ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಇನ್ನೂ ಜೋರಾಗಿ ಬರಬಹುದು.

ಬರೀ ಮಾತ್ರೆಯಲ್ಲಿ ಸಿಗುವುದು ಸಾಮಾನ್ಯವಾಗಿ ಕೆಲವು ವಾರ, ಇಲ್ಲವೇ ಕೆಲವು ತಿಂಗಳು. ನಮಗೆ ನಾಲ್ಕು ತಿಂಗಳು ಸಿಕ್ಕಿತು. ದಿನಾ ಊಟದ ನಡುವೆ ಪಕ್ಕದಲ್ಲಿ ಕೂತು ತಟ್ಟೆ ತಿರುಗಿಸುತ್ತಿದ್ದೆ.